ಹನ್ನೆರಡೂವರೆಯ ಕೆಳಗಿನ ಹನಿ

ಯಾರ ಕೈಯಲ್ಲಾದರೂ ಕೈವಾರ ಕಂಡರೆ ಈಗಲೂ ನನ್ನ ಎದೆ ಒಂದು ಸಲ ಡವ್ ಅನ್ನುತ್ತದೆ. ಮಗಳ ಜಾಮಿಟ್ರಿ ಬಾಕ್ಸಿನಲ್ಲಿ ಕಂಡರೂ ಅಷ್ಟೇ. ಇದಕ್ಕೆ ಕಾರಣರಾದವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೂ ನಮ್ಮ ಕಡೆಯವರಿಗೆ ಗುರುತು ಸಿಗಲಾರದು, ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಎಲ್ಲರಿಗೂ ಅವರು ‘ತಕ್ಕಡಿ ಸಾಬ್ರು’ ಅಷ್ಟೇ. ಗಡಿಯಾರದ ಹಾಗೆ ದುಂಡು ಮುಖ, ನಡುವೆ ಮುಳ್ಳು, ಕೆಳಗೆ ಕೊಕ್ಕೆ ಇರುವ ನೇತಾಡುವ ತಕ್ಕಡಿಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಅವರ ಅಪ್ಪನ ಕಸುಬೂ ಅದೇ.

ಆಗ ನನಗೆ ಇಪ್ಪತ್ತಾರು. ಚಾಮರಾಜನಗರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ. ಲಗ್ನಪತ್ರಿಕೆ, ತಿಥಿ ಕಾರ್ಡು, ಆಟೋದ ಹಿಂದೆ ಅಂಟಿಸುವ ಸ್ಟಿಕ್ಕರು. ಊರಿನಲ್ಲಿ ನನ್ನಷ್ಟು ಬೇಗ ಡಿಸೈನ್ ಮಾಡುವವರು ಇಲ್ಲ ಎಂದು ಬೇರೆ ಯಾರೂ ಹೇಳದಿದ್ದರೂ ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಮೌಸ್ ಬಿಟ್ಟು ಕೀಲಿಗಳಲ್ಲೇ ಅರ್ಧ ಕೆಲಸ ಮುಗಿಸುವುದು ನನ್ನ ಜಂಬ. ಆ ಜಂಬಕ್ಕೆ ತಕ್ಕ ಶಾಸ್ತಿಯೂ ಆಯಿತು. ಆದರೆ ಶಾಸ್ತಿ ಬಿದ್ದದ್ದು ನನ್ನ ಮೇಲಲ್ಲ.

ಸಾಬ್ರು ಮೊದಲ ಸಲ ಬಂದಾಗ ಟವೆಲ್ಲಿನಲ್ಲಿ ಸುತ್ತಿದ ತಗಡಿನ ಬಿಲ್ಲೆಯೊಂದನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ತಕ್ಕಡಿಯ ಮುಖ. ಬಿಸಿಲಿಗೆ ಗೆರೆಗಳೆಲ್ಲ ಮಾಸಿ ಹೋಗಿದ್ದವು.

“ಇದ ನಿನ್ನ ಡಬ್ಬ ಬರೀತದಾ ಕಣಮ್ಮಿ?”

“ಬರೀತದೆ. ಎಷ್ಟು ಗೆರೆ?”

“ಇನ್ನೂರೈವತ್ತು. ಗೆರೆಗೆ ನೂರು ಗ್ರಾಮು, ಒಟ್ಟು ಇಪ್ಪತ್ತೈದು ಕಿಲೋ. ಕೈಲಿ ಬರೆಯಾಕೆ ಎರಡು ದಿನ ಬೇಕು. ಈಗ ಕಣ್ಣು ಬ್ಯಾರೆ ಕೈ ಕೊಡ್ತಾ ಅವೆ.”

ಮುನ್ನೂರ ಅರವತ್ತನ್ನು ಇನ್ನೂರೈವತ್ತರಿಂದ ಭಾಗಿಸಿದರೆ ಒಂದು ಗೆರೆಗೆ ಒಂದು ಪಾಯಿಂಟ್ ನಾಲ್ಕು ನಾಲ್ಕು ಡಿಗ್ರಿ. ಒಂದು ಗೆರೆ ಎಳೆದೆ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದಾಗ ಮೂಡುವ, ಗೆರೆ ಯಾವುದರ ಸುತ್ತ ತಿರುಗಬೇಕೋ ಆ ಬೊಟ್ಟನ್ನು ಎಳೆದು ವೃತ್ತದ ನಟ್ಟನಡುವೆ ಕೂರಿಸಿದೆ, ಡಿಗ್ರಿ ತುಂಬಿದೆ, ಇನ್ನೂರ ನಲವತ್ತೊಂಬತ್ತು ನಕಲು ತೆಗೆ ಎಂದೆ. ಗೆರೆಗಳು ಪಟಪಟನೆ ಸುತ್ತಲೂ ಎದ್ದು ನಿಂತವು. ಸಾಬ್ರು ಕುರ್ಚಿ ಕೊಟ್ಟರೂ ಕೂರದೆ ನನ್ನ ಹಿಂದೆ ನಿಂತಿದ್ದರು.

“ಇನ್ನೂರೈವತ್ತು ಅಂದ್ನಲ್ಲ, ಒಂದು ಯಾಕೆ ಕಮ್ಮಿ ಮಾಡ್ಬುಟ್ಟೆ?”

“ಮೊದಲನೇದು ಆಗಲೇ ಇದೆಯಲ್ಲ ಸಾರ್. ಇನ್ನೊಂದು ಹಾಕಿದರೆ ಅದರ ತಲೆ ಮೇಲೇ ಬಂದು ಕೂರುತ್ತೆ.”

ಸಾಬ್ರು ನಕ್ಕರು. “ನಿಜ ಕಣ. ಬೇಲಿಗಾದ್ರೆ ಒಂದು ಗೂಟ ಜಾಸ್ತಿ ಬೇಕು. ಬಳೆಗೆ ಬ್ಯಾಡ.”

ಹೊಗಳಿಕೆ ಅಲ್ಲಿಗೆ ಮುಗಿಯಿತು. ಪ್ರಿಂಟ್ ಕೈಗೆ ಬಂದ ತಕ್ಷಣ ಜೇಬಿನಿಂದ ಹಿತ್ತಾಳೆಯ ಕೈವಾರ ತೆಗೆದರು. ಎರಡು ಗೆರೆಗಳ ನಡುವಿನ ಸಂದಿಗೆ ಅದರ ಕಾಲುಗಳನ್ನು ಹೊಂದಿಸಿ, ಸೊನ್ನೆಯಿಂದ ಶುರುಮಾಡಿ ಒಂದೊಂದೇ ಹೆಜ್ಜೆ ಹಾಕಿಸುತ್ತ ಇಡೀ ವೃತ್ತ ಸುತ್ತಿದರು. ತುಟಿಯೊಳಗೇ ಉರ್ದುವಿನಲ್ಲಿ ಎಣಿಕೆ. ಗಿರಾಕಿಗಳು ಬಂದರು, ನಿಂತರು, ಬೈದುಕೊಂಡು ಹೋದರು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಕೊನೆಯ ಸಂದಿಗೂ ಕೈವಾರ ಸರಿಯಾಗಿ ಕೂತಾಗ ಅವರ ಮುಖ ನೋಡಬೇಕಿತ್ತು.

“ಶುರುವಿನ ಗೆರೆ ಎಲ್ಲಾರ್ಗೂ ಸರಿ ಬತ್ತವೆ ಕಣಮ್ಮಿ. ಮಾಡಿದ್ ತಪ್ಪೆಲ್ಲ ಹೋಗಿ ಕೂತ್ಕಳಾದು ಕೊನೇ ಸಂದೀಲಿ. ನಾನು ನಂಬಾದು ಅದನ್ನೊಂದೇಯ.”

ಆಮೇಲೆ ವಾರಕ್ಕೊಮ್ಮೆ ಬರತೊಡಗಿದರು. ಬಂದವರು ಮೊದಲು ಹೊರಗಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು. ಅವರ ತೂಕದ ಕಲ್ಲುಗಳು ಮಗಳ ಹಳೆಯ ಫ್ರಾಕಿನ ಬಟ್ಟೆಯಲ್ಲಿ ಸುತ್ತಿಕೊಂಡು ಒಂದು ತಗಡಿನ ಪೆಟ್ಟಿಗೆಯೊಳಗೆ ಮಲಗಿರುತ್ತಿದ್ದವು. ಯಾರಾದರೂ ಬರಿಗೈಯಲ್ಲಿ ಮುಟ್ಟಿದರೆ ಕೋಪ ಬರುತ್ತಿತ್ತು. ಒಮ್ಮೆ ನಮ್ಮಂಗಡಿಯಲ್ಲೇ ತರಕಾರಿಯವನೊಬ್ಬ ಅವರ ಕಿವಿಯ ಹತ್ತಿರ ಬಗ್ಗಿ, “ಸಾಬ್ರೇ, ಒಂದೇ ಒಂದು ಗೆರೆ ನನ್ ಕಡೀಕೆ ಎಳ್ಕೊಡಿ” ಅಂದ. ಇವರು ಬಿಚ್ಚಿದ್ದ ತಿರುಪುಗಳನ್ನೆಲ್ಲ ಮತ್ತೆ ಹಾಕಿ ತಕ್ಕಡಿಯನ್ನು ಅವನ ಕೈಗೇ ಕೊಟ್ಟರು. “ಇದು ರಿಪೇರಿ ಆಗಾದಿಲ್ಲ ಕಣಪ್ಪ. ಕೆಟ್ಟಿರಾದು ತಕ್ಕಡಿ ಅಲ್ಲ.” ಅವನು ಪೆಚ್ಚಾಗಿ ಹೋದದ್ದನ್ನು ನೆನೆದು ನಾನು ಆ ದಿನವಿಡೀ ನಕ್ಕಿದ್ದೆ. ನನ್ನ ಸರದಿ ಬರಲಿದೆ ಅಂತ ಗೊತ್ತಿದ್ದರೆ ನಗುತ್ತಿರಲಿಲ್ಲ.

ಮೊದಲ ಏಳೆಂಟು ಮುಖಗಳನ್ನು ಅವರು ಕಾಲು, ಅರ್ಧ, ಮುಕ್ಕಾಲು ಮೂರೂ ಕಡೆ ಕಲ್ಲು ನೇತುಹಾಕಿ ಪರೀಕ್ಷಿಸಿದ್ದರು. ಮುಳ್ಳು ಎಲ್ಲೂ ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಹಾಗಾಗಿ ಆ ಮಳೆಗಾಲ ಕಳೆದ ಮೇಲೆ ಅಂಗನವಾಡಿಗಳ ಒಂಬತ್ತು ತಕ್ಕಡಿಗಳು ಅವರ ಕೈಗೆ ಬಂದಾಗ ಸೀದಾ ನನ್ನ ಹತ್ತಿರ ಬಂದರು. ಚಡ್ಡಿಯಂಥ ಜೋಲಿಯಲ್ಲಿ ಕೂಸನ್ನು ಕೂರಿಸಿ ನೇತುಹಾಕಿ ತೂಗುತ್ತಾರಲ್ಲ, ಆ ತಕ್ಕಡಿಗಳು. ಸಾಬ್ರಿಗೆ ಅದು ದೊಡ್ಡ ಮರ್ಯಾದೆ.

“ಇದ್ರಲ್ಲಿ ನಮ್ಮಪ್ಪನ ಗುರ್ತು ಹಾಕು” ಅಂದರು. ಹಳೆಯ ತಗಡೊಂದನ್ನು ತೋರಿಸಿದರು. ಅರ್ಧದ ಜಾಗದಲ್ಲಿ, ಹನ್ನೆರಡೂವರೆ ಕಿಲೋದ ಗೆರೆಯ ಕೆಳಗೆ, ಗೆರೆಗಳ ಬಳೆಯ ಹೊರಗೆ ಒಂದು ಪುಟ್ಟ ಹನಿ. ಎಣ್ಣೆಯ ಹನಿಯೋ ಬೆವರಿನ ಹನಿಯೋ ಅವರಿಗೂ ಗೊತ್ತಿರಲಿಲ್ಲ. “ಕೂಸುಗಳ ತಕ್ಕಡಿ ಅಲ್ವಾ. ನಮ್ಮಪ್ಪ ಇದ್ದಿದ್ರೆ ಕುಸಿಪಡೋರು.”

ಹಾಕಿದೆ. ಗೆರೆಗಳ ಬಳೆಯನ್ನು ಒಂದು ಕಡೆ ಮಾಡಿಟ್ಟುಕೊಂಡಿದ್ದೆ. ಕತ್ತರಿಸುವ ಹೊರವೃತ್ತವನ್ನೂ ಮುಳ್ಳಿನ ರಂಧ್ರವನ್ನೂ ಇನ್ನೊಂದು ಕಡೆ. ಗೆರೆ, ಅಂಕಿ, ಹನಿ ಎಲ್ಲವನ್ನೂ ಒಟ್ಟಿಗೆ ಹಿಡಿದು ಎರಡು ಕೀಲಿ ಒತ್ತಿ ವೃತ್ತದ ನಡುವಿಗೆ ತಂದೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ಸಾಬ್ರು ಕೈವಾರ ನಡೆಸಿದರು, ಕೊನೆಯ ಸಂದಿಯೂ ಸರಿ. ನನ್ನ ಮೇಲಿನ ನಂಬಿಕೆಯಿಂದ ಈ ಸಲ ಮನೆಗೆ ಹೋಗಿ ಸೊನ್ನೆಯಲ್ಲಿ ಒಮ್ಮೆ, ಅರ್ಧದಲ್ಲಿ ಒಮ್ಮೆ ಮಾತ್ರ ನೋಡಿದರಂತೆ, ಎರಡೂ ಸರಿ. ಒಂಬತ್ತು ತಕ್ಕಡಿಗಳೂ ಊರೂರಿಗೆ ಹೋದವು.

ಮುಂದಿನ ತಿಂಗಳು ಒಂದು ಬೆಳಿಗ್ಗೆ ಅವರು ಕೈ ತೊಳೆಯದೆ ಒಳಗೆ ಬಂದರು. ಹೆಗಲ ಮೇಲೆ ಅಂಗನವಾಡಿಯ ಒಂದು ತಕ್ಕಡಿ. ಅದನ್ನು ಕಿಟಕಿಯ ಸರಳಿಗೆ ನೇತುಹಾಕಿ, ಪೆಟ್ಟಿಗೆ ತೆರೆದು, ಆರು ಕಿಲೋ ಕಲ್ಲು ಕೊಕ್ಕೆಗೆ ಸಿಕ್ಕಿಸಿದರು.

“ಓದು.”

ಮುಳ್ಳು ಆರು ದಾಟಿ ಒಂದು ಗೆರೆ ಮುಂದೆ ನಿಂತಿತ್ತು.

“ನೂರು ಗ್ರಾಂ ಅಲ್ವಾ ಸಾರ್” ಅಂದೆ. “ಸ್ಪ್ರಿಂಗ್ ಸಡಿಲ ಆಗಿರಬೇಕು.”

“ಸ್ಪ್ರಿಂಗು ಸರಿ ಅದ. ಒಂಬತ್ತರಲ್ಲಿ ಮೂರು ನೋಡ್ಬುಟ್ಟು ಬಂದಿದೀನಿ. ಮೂರೂ ಇಂಗೇಯ.”

ಆಮೇಲೆ ಹೇಳಿದರು. ಹರದನಹಳ್ಳಿಯ ಅಂಗನವಾಡಿ ಟೀಚರು ದಾರಿಯಲ್ಲಿ ಸಿಕ್ಕಿ, ನಿಮ್ಮ ತಕ್ಕಡಿ ಬಂದ ಮೇಲೆ ನಮ್ಮ ಕೂಸುಗಳೆಲ್ಲ ಒಂದೊಂದು ಗೆರೆ ದಪ್ಪ ಆಗವೆ ಸಾಬ್ರೇ ಅಂತ ನಕ್ಕರಂತೆ. ಇವರೂ ನಕ್ಕರಂತೆ. ಪಕ್ಕದಲ್ಲಿ ಹತ್ತು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡಿದ್ದ ತಾಯಿ ಮಾತ್ರ ನಗಲಿಲ್ಲ. “ನನ್ ಕೂಸು ಅಗುರಾಗೋಗದೆ. ಎತ್ಕಂಡ್ರೆ ನಂಗೆ ಗೊತ್ತಾಗಕಿಲ್ವಾ? ನಿಮ್ ಮುಳ್ಳು ಸುಳ್ಳೇಳ್ತದೆ” ಅಂದಳಂತೆ.

“ಆ ಕೂಸಿನ ತೂಕದ ಕಾರ್ಡು ನೋಡ್ದೆ” ಅಂದರು ಸಾಬ್ರು. “ಅದ್ರ ತಿಂಗಳಿಗೆ ಕೆಳಗಡೆ ಗೆರೆ ಆರು ಕಿಲೋ ಅತ್ರ ಅದ. ಗೆರೆ ಕೆಳಗೆ ಬಿದ್ರೆ ಎರಡು ಪಾಲು ಊಟ ಕೊಟ್ಟು ಡಾಕ್ಟ್ರತ್ರ ಕಳಿಸ್ತಾರೆ. ಮೇಲಿದ್ರೆ ಸುಮ್ನೆ ಮನೆಗೆ. ನಮ್ ತಕ್ಕಡಿ ಅದನ್ನ ಗೆರೆ ಮೇಲೆ ಕೂರಿಸ್ಬುಟ್ಟದ. ನಾಳೆ ಮತ್ತೆ ತೂಗೋ ದಿನ.”

ಫೈಲು ತೆರೆದೆ. ತಪ್ಪು ಎಲ್ಲಿದೆ ಎಂದು ಹುಡುಕುವ ಅಗತ್ಯವೇ ಬೀಳಲಿಲ್ಲ, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನಡುವಿಗೆ ತಾ ಎಂದು ಎರಡು ಕೀಲಿ ಒತ್ತಿದ್ದೆನಲ್ಲ, ಕಂಪ್ಯೂಟರ್ ಹನಿಯನ್ನೂ ಸೇರಿಸಿಕೊಂಡು ಎತ್ತರ ಅಳೆದಿತ್ತು. ಹನಿ ಕೆಳಗೆ ನಾಲ್ಕು ಮಿಲಿಮೀಟರ್ ಚಾಚಿದ್ದರಿಂದ ಇಡೀ ಗೆರೆಗಳ ಬಳೆ ಎರಡು ಮಿಲಿಮೀಟರ್ ಮೇಲಕ್ಕೆ ಸರಿದು ಕೂತಿತ್ತು. ಸಂದಿಗಳು ಒಂದಕ್ಕೊಂದು ಸಮ, ಆದ್ದರಿಂದ ಕೈವಾರಕ್ಕೆ ಗೊತ್ತಾಗಲಿಲ್ಲ. ಮೇಲೆ ಸೊನ್ನೆಯಲ್ಲಿ ಸರಿ, ಕೆಳಗೆ ಅರ್ಧದಲ್ಲಿ ಸರಿ. ಬಲಮಗ್ಗುಲಲ್ಲಿ, ಐದಾರು ಏಳು ಕಿಲೋಗಳ ಕಡೆ, ಅಂದರೆ ಕೂಸುಗಳು ತೂಗುವ ಕಡೆಯೇ, ಒಂದು ಗೆರೆ ಸುಳ್ಳು. ಹನಿಯನ್ನು ಬಿಟ್ಟು ಹಿಡಿದು ಕೀಲಿ ಒತ್ತಿದ್ದರೆ ಏನೂ ಆಗುತ್ತಿರಲಿಲ್ಲ. ಹನಿಯನ್ನು ಆಮೇಲೆ ಹಾಕಿಕೊಳ್ಳಬಹುದಿತ್ತು. ಮೊದಲ ವಾರ ಕಲಿಯುವವರಿಗೂ ಇದು ಗೊತ್ತು.

ಸಾಬ್ರು ಹಿಂದೆ ನಿಂತು ಕಾಯುತ್ತಿದ್ದರು. ನಾನು ಹೇಳಿದ್ದು ಇದು: “ನಿಮ್ಮ ಹನಿಯಿಂದ ಆಗಿದ್ದು ಸಾರ್. ಅದು ಹೊರಗೆ ಚಾಚಿಕೊಂಡಿದೆಯಲ್ಲ, ಅದಕ್ಕೇ ಎಲ್ಲ ಮೇಲಕ್ಕೆ ಹೋಗಿದೆ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸುಳ್ಳಲ್ಲ ಅಂತ ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳಿಗಿಂತ ಕೀಳು.

ಅವರು ಪರದೆಯ ಮೇಲಿನ ಹನಿಯನ್ನು ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. “ಅಂಗಾದ್ರೆ ತೆಗೆದ್ಬುಡು” ಅಂದರು. “ಅದು ನನ್ ಗುರ್ತು. ಕೂಸುಗಳಿಗೆ ಅದ್ರಿಂದ ಏನಾಗ್ಬೇಕು?”

ಅಳಿಸಿದೆ. ಒಂದೇ ಕೀಲಿ.

ಒಂಬತ್ತು ಹೊಸ ಮುಖ ಪ್ರಿಂಟ್ ಮಾಡಿ, ಲ್ಯಾಮಿನೇಟ್ ಮಾಡಿ, ಕತ್ತರಿಸಿ ಕೊಡುವಷ್ಟರಲ್ಲಿ ಹನ್ನೊಂದು ಗಂಟೆ. ಈ ಸಲ ಕೈವಾರದ ಒಂದು ಕಾಲನ್ನು ರಂಧ್ರದ ನಡುವೆ ಊರಿ ಇನ್ನೊಂದನ್ನು ಸುತ್ತಲೂ ಆಡಿಸಿ ನೋಡಿದರು. “ನಾನೂ ನಡು ಮರೆತು ಸಂದಿ ನೋಡ್ಕಂಡು ಕೂತಿದ್ದೆ” ಎಂದು ಗೊಣಗಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ನೀನೂ ಬತ್ತೀಯಾ? ಒಬ್ಬನ ಕೈಲಿ ಸಂಜೆಗೆ ಮುಗಿಯಾದಿಲ್ಲ” ಅಂದರು. ಓನರ್ ಮುಖ ಗಂಟಿಕ್ಕಿದರೂ ಹೊರಟೆ. ಹೊರಟದ್ದು ಒಳ್ಳೆಯತನದಿಂದಲ್ಲ. ನಾನಿಲ್ಲದ ಕಡೆ ಅವರು ಯಾರ ಹತ್ತಿರ ಏನು ಹೇಳುತ್ತಾರೋ ಅಂತ ಭಯ.

ಸಂತೆಮರಹಳ್ಳಿಯ ಬಸ್ಸಿನಲ್ಲಿ ಅವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಕೈಯಲ್ಲೂ ಹಿಡಿದು ಕೂತಿದ್ದರು. ಒಂದೊಂದು ನಿಲ್ದಾಣದಲ್ಲೂ ಡ್ರೈವರು ಇಳಿದು ಟೀ ಕುಡಿದರೆ ಇವರ ಮೊಣಕಾಲು ಕುಣಿಯತೊಡಗುತ್ತಿತ್ತು. “ಬುಡಪ್ಪಾ, ಓಗನ” ಅಂತ ಕಿಟಕಿಯಿಂದ ಕೂಗುವರು. ಸಂತೆಮರಹಳ್ಳಿಯಲ್ಲಿ ಮೂರು. ಬಾಗಿಲು ಹಾಕಿದ್ದ ಒಂದು ಅಂಗನವಾಡಿಯ ಬೀಗದ ಕೈ ಹುಡುಕಿಕೊಂಡು ಹೊಲದವರೆಗೆ ಓಡಿದೆವು. ಬದನಗುಪ್ಪೆಯಲ್ಲಿ ಒಂದು. ಅಲ್ಲಿಂದ ಗುಂಡ್ಲುಪೇಟೆ ಕಡೆಯ ಎರಡಕ್ಕೆ ಹೋಗುವಷ್ಟರಲ್ಲಿ ನಾಲ್ಕೂವರೆ. ಹಳೆಯ ಮುಖ ಬಿಚ್ಚಿ, ಹೊಸದು ಕೂರಿಸಿ, ಕಾಲು, ಅರ್ಧ, ಮುಕ್ಕಾಲು ಮೂರು ಕಡೆಯೂ ಕಲ್ಲು. ಅವಸರದಲ್ಲಿ ನಾನು ಒಂದು ಕಲ್ಲನ್ನು ಬರಿಗೈಯಲ್ಲಿ ಹಿಡಿದುಕೊಟ್ಟೆ. ಬೈಯುತ್ತಾರೆಂದು ನಾಲಿಗೆ ಕಚ್ಚಿಕೊಂಡೆ, ಬೈಯಲಿಲ್ಲ. ಬೈದಿದ್ದರೆ ಅಲ್ಲೇ ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ.

ಉಳಿದದ್ದು ಹರದನಹಳ್ಳಿಯ ಮೂರು. ಎರಡನ್ನು ಮರುದಿನ ಬೆಳಿಗ್ಗೆ ಎಂಟಕ್ಕೆ ಮುಗಿಸಿದೆವು. ಮೂರನೆಯದು ಆ ಕೂಸಿನ ಅಂಗನವಾಡಿಯದು. ಅಲ್ಲಿಗೆ ಹೋಗುವಷ್ಟರಲ್ಲಿ ತಾಯಂದಿರು ಸಾಲುಗಟ್ಟಿದ್ದರು, ಮೇಲ್ವಿಚಾರಕಿ ಮೇಡಂ ಕೂಡ ಬಂದು ಕುರ್ಚಿಯಲ್ಲಿ ಕೂತಿದ್ದರು. ಸಾಬ್ರು ತಕ್ಕಡಿಗೆ ಹೊಸ ಮುಖ ಹಾಕುವುದನ್ನು ನೋಡಿ, “ಹೋದ ತಿಂಗಳು ತಾನೇ ರಿಪೇರಿ ಆಗಿತ್ತಲ್ಲ? ಮತ್ತೆ ಏನು?” ಅಂದರು.

“ಹೋದ ತಿಂಗಳು ಒಂದು ಗೆರೆ ಜಾಸ್ತಿ ತೋರಿಸ್ತು ತಾಯಿ. ಒಂಬತ್ತು ತಕ್ಕಡೀನೂವೆ. ಆ ತಿಂಗಳ ಲೆಕ್ಕ ಎಲ್ಲಾ ತಪ್ಪು. ಮತ್ತೆ ಬರ್ಕಬೇಕು.”

ಮೇಡಂ ಎದ್ದು ನಿಂತರು. “ಏನ್ರೀ ಇದು ಹುಡುಗಾಟ? ಮಕ್ಕಳ ವಿಷಯ ಇದು. ಯಾರ ತಪ್ಪು?”

ನಾನು ಕಲ್ಲಿನ ಪೆಟ್ಟಿಗೆ ಹಿಡಿದುಕೊಂಡು ಅವರಿಂದ ಎರಡು ಮಾರು ದೂರದಲ್ಲಿದ್ದೆ. ಬಾಯಿ ತೆರೆದರೆ ಸಾಕಿತ್ತು. ಸಾಬ್ರು ನನ್ನ ಕಡೆ ನೋಡಲಿಲ್ಲ. ಒಮ್ಮೆ ನೋಡಿದ್ದರೆ ಹೇಳುತ್ತಿದ್ದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

“ನಂದು ತಾಯಿ” ಅಂದರು. “ನನ್ ಗುರ್ತು ಹಾಕ್ಬೇಕು ಅಂತ ಆಸೆ ಬಿದ್ದೆ. ಅದ್ರಿಂದ ಆಯ್ತು.”

“ಇನ್ಮೇಲೆ ನಮ್ಮ ತಕ್ಕಡಿ ನಿಮ್ಮ ಕೈಗೆ ಕೊಡೋದಿಲ್ಲ.”

“ಆಗ್ಲಿ. ಮೊದಲು ಆ ಕೂಸನ್ನ ತೂಗಿ.”

ಆ ತಾಯಿ ಮುಂದೆ ಬಂದಳು. ಸಾಬ್ರು ಅವಳನ್ನು ತಡೆದು, “ಎತ್ಕಂಡು ನೀನೇ ಏಳವ್ವ, ಎಷ್ಟದೆ?” ಅಂದರು. ಅವಳು ಕೂಸನ್ನು ಒಮ್ಮೆ ಮೇಲೆ ಕೆಳಗೆ ಮಾಡಿ, “ಆರಿಲ್ಲ” ಅಂದಳು. ಜೋಲಿಗೆ ಕೂರಿಸಿದರು. ಮುಳ್ಳು ಅಲ್ಲಾಡಿ ಅಲ್ಲಾಡಿ ಐದು ಕಿಲೋ ಎಂಟು ಗೆರೆಯ ಮೇಲೆ ನಿಂತಿತು. ಟೀಚರು ಕಾರ್ಡಿನಲ್ಲಿ ಗೆರೆಯ ಕೆಳಗೆ ಚುಕ್ಕೆ ಇಟ್ಟರು. ತಾಯಿ ಗೆದ್ದವಳಂತೆ ತಲೆ ಎತ್ತಿದವಳು ಮರುಕ್ಷಣ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅದೇ ಮಧ್ಯಾಹ್ನ ಅವಳನ್ನೂ ಕೂಸನ್ನೂ ಚಾಮರಾಜನಗರದ ಆಸ್ಪತ್ರೆಗೆ ಕಳಿಸಿದರು. ಹದಿನೈದು ದಿನ ಅಲ್ಲೇ ಇದ್ದರು. ಸಾಬ್ರು ದಿನಾ ಹೋಗಿ ವಾರ್ಡಿನ ಬಾಗಿಲಲ್ಲಿ ನಿಂತು ಬರುತ್ತಿದ್ದರಂತೆ. ಕೂಸು ಉಳಿಯಿತು, ಪುಣ್ಯ.

ಅಂಗನವಾಡಿ ತಕ್ಕಡಿಗಳು ಅವರ ಕೈಗೆ ಮತ್ತೆ ಬರಲಿಲ್ಲ. ತರಕಾರಿ, ಕೋಳಿ, ಹಳೆ ಪೇಪರಿನವರ ತಕ್ಕಡಿಗಳೇ ಗತಿ. ಆದರೂ ಮುಖ ಮಾಡಿಸಲು ನನ್ನ ಹತ್ತಿರವೇ ಬರುತ್ತಿದ್ದರು. ಕೈ ತೊಳೆದುಕೊಂಡು, ಹಿಂದೆ ನಿಂತು, ಕೈವಾರದ ಒಂದು ಕಾಲನ್ನು ಮೊದಲು ನಡುವಿಗೆ ಊರಿ. ಪ್ರತಿ ಸಲವೂ ಕೇಳುತ್ತಿದ್ದೆ: “ಹನಿ ಹಾಕ್ಲಾ ಸಾರ್? ಈಗ ಸರಿಯಾಗಿ ಕೂರಿಸಬಹುದು.” ಪ್ರತಿ ಸಲವೂ ಅವರದು ಒಂದೇ ಉತ್ತರ, “ಬ್ಯಾಡ ಕಣಮ್ಮಿ.” ಹಾಕು ಅಂದಿದ್ದರೆ ಒಳಗಿನ ಮುಳ್ಳು ಸ್ವಲ್ಪ ಸಡಿಲವಾಗುತ್ತಿತ್ತು. ಮೂರು ವರ್ಷ ಹೀಗೇ ಕಳೆಯಿತು. ಆಮೇಲೆ ಒಂದು ದಿನ ಗುಂಡ್ಲುಪೇಟೆಯಿಂದ ಬಂದ ಬಾಳೆಕಾಯಿಯವನೊಬ್ಬ, ತಕ್ಕಡಿ ಸಾಬ್ರು ತೀರಿಹೋಗಿ ಒಂದು ವಾರ ಆಯಿತು ಅಂದ.

ಹೇಳಿಬಿಡಬೇಕೆಂದೇ ಗುಂಡ್ಲುಪೇಟೆಯ ಅವರ ಮನೆಗೆ ಹೋದೆ. ಯಾರಿಗೆ ಅಂತ ಯೋಚಿಸಿರಲಿಲ್ಲ. ಮಗಳೊಬ್ಬಳೇ ಇದ್ದಳು, ಹೊಲಿಗೆ ಮಷೀನಿನ ಪಕ್ಕ ಚಾಪೆ ಹಾಸಿ ಕೂರಿಸಿ, ಟೀ ತಂದಿಟ್ಟಳು. ನಾನು ಯಾರು ಅಂತ ಹೇಳಿದ ಕೂಡಲೇ, “ಗೊತ್ತು ಅಕ್ಕ, ಬಸ್ಸಲ್ಲಿ ಅಬ್ಬಾ ಜೊತೇಲಿ ಸುತ್ತುದ್ರಲ್ಲ, ನೀವೇ ತಾನೆ?” ಅಂದಳು. ಅದು ಇದು ಮಾತಾಡಿದೆ. ಟೀ ಮುಟ್ಟಲಿಲ್ಲ.

ಅವಳು ಎದ್ದು ಹೋಗಿ ಆ ತಗಡಿನ ಪೆಟ್ಟಿಗೆ ತಂದಳು. ಕಲ್ಲುಗಳ ಕೆಳಗೆ, ಫ್ರಾಕಿನ ಬಟ್ಟೆಯ ಅಡಿಯಲ್ಲಿ ಒಂದು ಲ್ಯಾಮಿನೇಟ್ ಮಾಡಿದ ತಕ್ಕಡಿ ಮುಖ ಇತ್ತು. ಇನ್ನೂರೈವತ್ತು ಗೆರೆ. ನಾನು ಮಾಡಿದ್ದಲ್ಲ, ಅಂಕಿಗಳ ಅಕ್ಷರವೇ ಬೇರೆ. ಹನ್ನೆರಡೂವರೆಯ ಕೆಳಗೆ ಹನಿ.

“ಹರದನಹಳ್ಳೀದು ಆಯ್ತಲ್ಲ, ಅದ್ರ ಮುಂದಿನ ವಾರ ಇಲ್ಲೇ ಪೇಟೇಲಿ ಒಂದು ಅಂಗಡೀಲಿ ಮಾಡ್ಸುದ್ರು. ಒಂದೇ ಒಂದು.”

ನಾನು ಅವಳ ಹೊಲಿಗೆ ಟೇಪು ಕೇಳಿ ತೆಗೆದುಕೊಂಡೆ. ರಂಧ್ರದ ನಡುವಿನಿಂದ ಸೊನ್ನೆಯ ಗೆರೆಗೆ ಏಳು ಸೆಂಟಿಮೀಟರ್. ನಡುವಿನಿಂದ ಹನ್ನೆರಡೂವರೆಗೆ ಏಳು. ಬಲಕ್ಕೂ ಎಡಕ್ಕೂ ಏಳೇ. ಹನಿ ತನ್ನ ಪಾಡಿಗೆ ತಾನು ಹೊರಗಿತ್ತು.

“ಇದು ಸರಿಯಾಗಿದೆ ಅಂತ ಅವರಿಗೆ ಗೊತ್ತಿತ್ತಾ?”

“ಗೊತ್ತಿಲ್ದೆ? ತಕ್ಕಡಿಗೆ ಹಾಕಿ ಆರು ಕಿಲೋ ಕಲ್ಲು ತೂಗ್ ನೋಡುದ್ರು. ಆಮೇಲೆ ಬಿಚ್ಚಿ ಇಲ್ಲಿ ಇಟ್ಬುಟ್ರು.”

“ಯಾಕೆ? ಅವರಪ್ಪನ ಗುರುತಲ್ವಾ?”

“ನಾನೂ ಕೇಳ್ದೆ ಅಕ್ಕ. ಮತ್ತೆ ಹಾಕುದ್ರೆ, ಹನಿದೇನೂ ತಪ್ಪಿಲ್ಲ ಅಂತ ನಂಗೆ ಗೊತ್ತಾಗ್ಬುಟ್ಟದ ಅನ್ನಾದು ಆ ಹುಡ್ಗಿಗೆ ತಿಳೀತದ. ಕೆಲಸ ಮಾಡೋ ಕೈ, ಎದರ್ಕೊಂಡ್ಬುಟ್ರೆ ಕಷ್ಟ, ಬುಡು ಅಂದ್ರು.”

ಟೇಪು ನನ್ನ ಕೈಯಲ್ಲೇ ಇತ್ತು. ಹರದನಹಳ್ಳಿಯ ಆ ಸಾಲಿನ ಮುಂದೆ ಹೇಳಬೇಕಾಗಿದ್ದ ಮಾತನ್ನು ಗುಂಡ್ಲುಪೇಟೆಯ ಆ ಚಾಪೆಯ ಮೇಲೆ, ಅವರಿಲ್ಲದ ಮನೆಯಲ್ಲಿ ಹೇಳಿದೆ: “ತಪ್ಪು ನಂದು ಕಣಮ್ಮ. ಹನಿದಲ್ಲ. ನಂದು.”

ಅವಳು ಟೇಪು ಇಸಿದುಕೊಂಡು ಸುತ್ತಿಟ್ಟು, “ಟೀ ಆರೋಯ್ತದ ಅಕ್ಕ, ಕುಡೀರಿ” ಅಂದಳು.